ಅನ್ನಪೂರ್ಣಾ ಇಸ್ಪೀಟು ಕಲಿತದ್ದು

ನೇಸರಗಿಯ ಅಂಗನವಾಡಿಯಲ್ಲಿ ಅಡುಗೆ ಮಾಡುವ ಅನ್ನಪೂರ್ಣಾಳನ್ನು ಯಾರೂ ಸಿಡುಕಿ ಅನ್ನುವುದಿಲ್ಲ. ದಿನವಿಡೀ ಊರ ಮಕ್ಕಳ ಮೂಗು ಒರೆಸಿ, ಉಣ್ಣಿಸಿ, ಮಲಗಿಸುವವಳಿಗೆ ಸಿಟ್ಟಾಗಲು ಪುರುಸೊತ್ತಾದರೂ ಎಲ್ಲಿ? ಆದರೆ ಹೋದ ದೀಪಾವಳಿಯಿಂದ ಈಚೆಗೆ ಅವಳ ಎದೆಯಲ್ಲಿ ಒಂದು ಸಿಟ್ಟು ಹೊತ್ತಿಕೊಂಡಿದೆ. ಅದನ್ನು ಹೊತ್ತಿಸಿದ್ದು ಇಸ್ಪೀಟು.

ಅವಳು ಮದುವೆಯಾಗಿ ಈ ಊರಿಗೆ ಬಂದಾಗ ಇನ್ನೂ ಎಳೆ ಹುಡುಗಿ. ಗಂಡ ಶಿವಪುತ್ರ ಮನೆಯ ಟ್ರ್ಯಾಕ್ಟರ್ ಓಡಿಸುತ್ತಿದ್ದ. ವರ್ಷ ತುಂಬುವ ಮೊದಲೇ, ಕಬ್ಬು ಹೇರಿಕೊಂಡು ಹೋಗುತ್ತಿದ್ದಾಗ ಬೈಲಹೊಂಗಲ ರಸ್ತೆಯ ಇಳಿಜಾರಿನಲ್ಲಿ ಟ್ರೇಲರ್ ಮಗುಚಿತು. ಶಿವಪುತ್ರ ಅದರಡಿ ಸಿಕ್ಕು ಸತ್ತ. ಮಣ್ಣು ಮಾಡಿ ಬಂದವರು ಇನ್ನೂ ಕೈಕಾಲು ತೊಳೆಯುತ್ತಿದ್ದರು, ಅಷ್ಟರಲ್ಲೇ ಯಾರೋ "ಹುಡುಗಿ ಕಾಲ್ಗುಣ ಛಲೋ ಇಲ್ಲ" ಅಂದರು. ಆ ಮಾತನ್ನು ಗಟ್ಟಿಯಾಗಿ ಹಿಡಿದುಕೊಂಡವನು ಗಂಡನ ಅಣ್ಣ ನಿಜಗುಣಪ್ಪ. ಎಮ್ಮೆ ದಿನ ತುಂಬದೆ ಕಂದು ಹಾಕಿದರೂ ಅವಳ ಕಾಲ್ಗುಣ, ಬೋರಿನಲ್ಲಿ ನೀರು ಬೀಳದಿದ್ದರೂ ಅವಳ ಕಾಲ್ಗುಣ. ಬಿತ್ತನೆಗೆ ಹೊರಟಾಗ ಅವಳು ಎದುರಿಗೆ ಬರಬಾರದು. ಸೀಮಂತಕ್ಕೆ, ಅರಿಷಿಣಕ್ಕೆ ಅವಳು ಪಡಸಾಲೆಗೆ ಕಾಲಿಡಬಾರದು. ಯಾರೂ ಅವಳನ್ನು ಹೊಡೆಯಲಿಲ್ಲ, ಉಪವಾಸ ಕೆಡವಲಿಲ್ಲ. ಹಿತ್ತಲ ಕೋಣೆ ಕೊಟ್ಟು ಅಲ್ಲೇ ಇರು ಅಂದರು. ಅವಳೂ ಇದ್ದಳು. ಹೇಳಿಸಿಕೊಂಡು ಹೇಳಿಸಿಕೊಂಡು, ತನ್ನ ಕಾಲಲ್ಲಿ ಏನೋ ಇದೆ ಅಂತ ಅವಳೇ ನಂಬಿಬಿಟ್ಟಿದ್ದಳು. ತಂಗಿಯ ಬಾಣಂತನಕ್ಕೂ ಹೋಗಿರಲಿಲ್ಲ.

ದೀಪಾವಳಿಯಲ್ಲಿ ಊರ ಗಂಡಸರೆಲ್ಲ ಕಟ್ಟೆಯ ಮೇಲೆ ಇಸ್ಪೀಟಿಗೆ ಕೂರುತ್ತಾರೆ. ವರ್ಷದ ನಸೀಬು ಹೇಗಿದೆ ಅಂತ ನೋಡುವುದಂತೆ. ಹೋದ ವರ್ಷ ಅಂಗನವಾಡಿ ಟೀಚರ್ ಮಂಜುಳಾ, ನಾವೂ ನೋಡೋಣ ಅಂತ ಓಣಿಯ ಹೆಂಗಸರನ್ನು ತನ್ನ ಮನೆಗೆ ಕರೆದಳು. ಅನ್ನಪೂರ್ಣಾ ಚಕ್ಕುಲಿ ಕೊಟ್ಟು ಹೊರಡುವವಳಿದ್ದಳು.

"ಕೂಡ್ರ ಬಾ ಅಕ್ಕಾ," ಅಂದಳು ಮಂಜುಳಾ.

"ನಾ ಕುಂತರ ನಿಮ್ಮ ಆಟ ಕೆಡತೈತಿ. ಮತ್ತ ನಂಗ ಬರಂಗೂ ಇಲ್ಲ."

"ಇದರಾಗ ಬರೂದು ಏನೂ ಇಲ್ಲ. ಒಳಗ ಅನ್ನು, ಇಲ್ಲಾ ಹೊರಗ ಅನ್ನು. ಅಷ್ಟ."

ಮಂಜುಳಾ ತೋರಿಸಿದಳು. ಮೊದಲು ಒಂದು ಎಲೆಯನ್ನು ಬಿಚ್ಚಿ ನಡುವೆ ಇಡಬೇಕು. ಅಂದು ಬಿಚ್ಚಿದ್ದು ಏಳು. ಇನ್ನು ಇಸ್ಪೀಟು ಹಾಕುವವಳು ಒಂದು ಎಲೆ ಒಳಗೆ, ಒಂದು ಹೊರಗೆ ಅಂತ ಎರಡು ಕಡೆ ಹಾಕುತ್ತ ಹೋಗುತ್ತಾಳೆ. ಮತ್ತೊಂದು ಏಳು ಯಾವ ಕಡೆ ಬೀಳುತ್ತದೋ ಆ ಕಡೆ ಹೇಳಿದವರು ಗೆದ್ದರು. ಪಣಕ್ಕೆ ಹುರಿದ ಶೇಂಗಾ.

ಅನ್ನಪೂರ್ಣಾ ಅಂಜುತ್ತಲೇ ಒಳಗ ಅಂದಳು. ಗೆದ್ದಳು. ಮತ್ತೆ ಒಳಗ ಅಂದಳು, ಸೋತಳು. ಮೊದಮೊದಲು ಅವಳಿಗೆ ಇದರಲ್ಲಿ ಏನೋ ಗುಟ್ಟಿರಬೇಕು ಅನ್ನಿಸಿತು. ಎಲೆ ಬೀಳುವುದನ್ನು ಕಣ್ಣು ಮಿಟುಕಿಸದೆ ನೋಡಿದಳು. ಎರಡು ಸಲ ಒಳಗೆ ಬಿದ್ದರೆ ಮೂರನೆಯದು ಹೊರಗೇ ಅಂತ ಲೆಕ್ಕ ಹಾಕಿದಳು, ಅದೂ ಒಳಗೇ ಬಿತ್ತು. ಜಾಗ ಬದಲಿಸಿ ಕೂತಳು. ಆಮೇಲೆ ಮಂಜುಳಾ ಎಲೆಗಳ ಕಟ್ಟನ್ನೇ ಅವಳ ಕೈಗೆ ಕೊಟ್ಟು ನೀನೇ ಹಾಕು ಅಂದಳು. ಅವಳು ಹಾಕಿದ ಎಲೆಗಳಲ್ಲಿ ಒಬ್ಬಳು ಗೆದ್ದಳು, ಇನ್ನೊಬ್ಬಳು ಸೋತಳು, ಮರು ಆಟದಲ್ಲಿ ಸೋತವಳೇ ಬಾಚಿಕೊಂಡಳು. ಯಾರೂ ಅವಳ ಕಾಲು ನೋಡಲಿಲ್ಲ. ಶೇಂಗಾ ತಿನ್ನುತ್ತ ನಕ್ಕರು, ಅಷ್ಟೇ.

ಹಬ್ಬ ಮುಗಿದರೂ ಅವಳು ಆಟ ಬಿಡಲಿಲ್ಲ. ಭಾನುವಾರ ಮಧ್ಯಾಹ್ನ ಮಂಜುಳಾಳ ಮನೆಯಲ್ಲಿ ಕೂರುವುದು ರೂಢಿಯಾಯಿತು. ಆಡಿದಷ್ಟೂ ಅವಳಿಗೆ ಒಂದು ಮಾತು ಖಾತ್ರಿಯಾಗುತ್ತ ಬಂತು: ಎಲೆಗೆ ಯಾರ ಗುರುತೂ ಇಲ್ಲ. ಎದುರಿಗೆ ಕೂತವಳು ಮುತ್ತೈದೆಯೋ ಗಂಡ ಸತ್ತವಳೋ ಅದು ಕೇಳುವುದಿಲ್ಲ. ಹಾಗೆ ಅನ್ನಿಸಿದ ದಿನ ಅವಳಿಗೆ ಖುಷಿಯಾಗಬೇಕಿತ್ತು. ಆಗಲಿಲ್ಲ. ಮೈಯೆಲ್ಲ ಉರಿಯಿತು. ಹಾಗಾದರೆ ಇಷ್ಟು ವರ್ಷ ನನ್ನನ್ನು ಹಿತ್ತಲಲ್ಲಿ ಕೂಡಿಸಿದ್ದು ಯಾತಕ್ಕೆ? ತಂಗಿಯ ಕೂಸನ್ನು ನಾನು ಎತ್ತಿಕೊಳ್ಳದೆ ಬಿಟ್ಟದ್ದು ಯಾತಕ್ಕೆ?

ಚೈತ್ರದಲ್ಲಿ ನಿಜಗುಣಪ್ಪನ ಮಗಳು ರೇಣುವಿನ ಮದುವೆ ಗೊತ್ತಾಯಿತು. ಹಂದರ ಹಾಕಿದ ಮಧ್ಯಾಹ್ನ ಗಂಡಸರು ಅದರ ನೆರಳಲ್ಲಿ ಕಂಬಳಿ ಹಾಸಿ ಇಸ್ಪೀಟಿಗೆ ಕೂತಿದ್ದರು. ಆಡುತ್ತಿದ್ದದ್ದು ಅದೇ ಆಟ, ಒಳಗ-ಹೊರಗ. ಎಲೆ ಹಾಕುತ್ತಿದ್ದವರು ಹಿರಿಯರಾದ ಅಂದಾನೆಪ್ಪ. ನಿಜಗುಣಪ್ಪ ಸೋಲುತ್ತಿದ್ದ. ಅನ್ನಪೂರ್ಣಾ ಚಹಾದ ತಾಟು ಹಿಡಿದು ಬಂದಳು. ಅವನು ತಲೆ ಎತ್ತಿ ನೋಡಿದ.

"ಇಕಿ ಬಂದು ನಿಂತ್ಳು ನೋಡು, ಇನ್ನೇನ್ ಬೀಳತಾವು ಎಲಿ. ಆ ಕಡಿ ಹೋಗವಾ, ಚಾ ಯಾರರೆ ಹುಡುಗೂರ ಕೈಯಾಗ ಕೊಟ್ಟು ಕಳಸು."

ಒಂದಿಬ್ಬರು ನಕ್ಕರು. ಅನ್ನಪೂರ್ಣಾ ತಾಟನ್ನು ಕಂಬಳಿಯ ಅಂಚಿಗೆ ಇಟ್ಟಳು. ಆದರೆ ಹೋಗಲಿಲ್ಲ. ಸೆರಗು ಸಿಕ್ಕಿಸಿಕೊಂಡು ಅಲ್ಲೇ ಕೂತಳು.

"ಭಾವಾರ, ನೀವು ಸೋಲಾಕ ಹತ್ತಿದ್ದು ನಾ ಬರೂದಕಿಂತ ಮೊದಲ. ಒಳಗ ಕುಂತು ಕೇಳಾಕ ಹತ್ತಿದ್ದೆ. ಅಜ್ಜಾರ, ಎಲಿ ಇಲ್ಲಿ ಕೊಡ್ರಿ. ಈ ಆಟ ನಾ ಹಾಕತೇನಿ."

ಅಂದಾನೆಪ್ಪ ಕಟ್ಟನ್ನು ಅವಳ ಕೈಗೆ ಕೊಟ್ಟರು. ಅವಳು ಕಲಸಿ, ನಡುವೆ ಒಂದು ರಾಣಿಯನ್ನು ಬಿಚ್ಚಿಟ್ಟಳು. ಎಲ್ಲರ ಎದುರು ಹಿಂದೆ ಸರಿಯಲಾರದೆ ನಿಜಗುಣಪ್ಪ "ಹೊರಗ" ಅಂದ. ಎಲೆಗಳು ಬೀಳುತ್ತ ಹೋದವು. ರಾಣಿ ಹೊರಗೆ ಬಿತ್ತು. ಅವನು ಗೆದ್ದಿದ್ದ.

"ಬಂತ ನೋಡ್ರಿ ನಮ್ಮ ನಸೀಬು," ಅಂತ ಅವನು ನೋಟುಗಳಿಗೆ ಕೈ ಚಾಚಿದ.

"ಈಗ ನಿಮ್ಮ ನಸೀಬು. ಸೋತಿದ್ರ ನನ್ನ ಕಾಲ್ಗುಣ." ಅನ್ನಪೂರ್ಣಾಳ ದನಿ ಏರಲಿಲ್ಲ. "ಎಲಿಗೆ ನಾನೂ ಗೊತ್ತಿಲ್ಲ, ನೀವೂ ಗೊತ್ತಿಲ್ಲ. ಆದರ ಎಲ್ಲಾನೂ ಎಲಿ ಆಟ ಅಲ್ಲರಿ ಭಾವಾರ. ಟ್ರ್ಯಾಕ್ಟರಿನ ಬ್ರೇಕ್ ಹಿಡಿಯೂದಿಲ್ಲ ಅಂತ ಅವರು ನಿಮಗ ಎಷ್ಟು ಸಲ ಹೇಳಿದ್ರು? ನಾ ಅಲ್ಲೇ ರೊಟ್ಟಿ ಬಡಿಯಾಕ ಹತ್ತಿದ್ದೆ. ಕಬ್ಬಿನ ಸೀಜನ್ ಮುಗೀಲಿ, ಆಮ್ಯಾಲ ಮಾಡಸೂಣು ಅಂದ್ರಿ. ಅದು ನಸೀಬಲ್ಲ. ಅದನ್ನ ನೀವು ತಂದು ನನ್ನ ಕಾಲಿಗೆ ಕಟ್ಟಿದ್ರಿ."

ಒಳಗಿಂದ ನಿಜಗುಣಪ್ಪನ ಹೆಂಡತಿ, ನೆಗೆಣ್ಣಿ ಗುರವ್ವ ಓಡಿಬಂದು ಅವಳ ರಟ್ಟೆ ಹಿಡಿದಳು. "ಮದುವಿ ಮನಿ ಐತಿ, ಬಿಡ ತಂಗಿ."

"ಎದಿ ಮ್ಯಾಲ ಲಿಂಗ ಕಟಗೊಂಡ ಮಂದಿ ಅಕ್ಕಾ ನಾವು. ನಮಗ ಸೂತಕ ಇಲ್ಲ ಅಂತ ಮಠದಾಗ ಕುಂತು ಕೇಳಿ ತಲಿ ದೂಗತೀರಿ. ಮನಿಗೆ ಬಂದ ಮ್ಯಾಲ ನಾ ಒಬ್ಬಾಕಿ ಸೂತಕ."

ಅಷ್ಟು ಹೇಳಿ ಅವಳು ಎದ್ದು ಒಳಗೆ ಹೋದಳು. ನಿಜಗುಣಪ್ಪ ಗೆದ್ದ ನೋಟುಗಳನ್ನು ಅಲ್ಲೇ ಬಿಟ್ಟು, ಪೆಂಡಾಲಿನವನಿಗೆ ಏನೋ ಹೇಳುವುದಿದೆ ಅಂತ ಎದ್ದುಹೋದ.

ಮರುದಿನ ಬೆಳಿಗ್ಗೆ ಪಡಸಾಲೆಯಲ್ಲಿ ರೇಣುವನ್ನು ಕೂರಿಸಿ ಅರಿಷಿಣ ಹಚ್ಚುತ್ತಿದ್ದರು. ಅನ್ನಪೂರ್ಣಾಳನ್ನು ಯಾರೂ ಕರೆಯಲಿಲ್ಲ. ಅವಳು ಮಿಂದು, ಇದ್ದುದರಲ್ಲಿ ಹೊಸ ಸೀರೆ ಉಟ್ಟು, ತಾನಾಗಿಯೇ ಬಂದಳು. ಹೆಂಗಸರ ಹಾಡು ಅರ್ಧಕ್ಕೆ ನಿಂತಿತು. ಗುರವ್ವ ಮಗಳ ಮುಖ ನೋಡಿದಳು, ಬಾಗಿಲ ಕಡೆ ನೋಡಿದಳು. ಆಮೇಲೆ ಬಟ್ಟಲನ್ನು ಅನ್ನಪೂರ್ಣಾಳ ಮುಂದೆ ಹಿಡಿದಳು. ಚಿಕ್ಕಂದಿನಲ್ಲಿ ಹಿತ್ತಲ ಕೋಣೆಗೆ ಓಡಿಬಂದು ತನ್ನ ಕೈತುತ್ತು ತಿಂದು ಬೆಳೆದ ಹುಡುಗಿಯ ಎರಡೂ ಕೆನ್ನೆಗೆ ಅನ್ನಪೂರ್ಣಾ ಒತ್ತಿ ಅರಿಷಿಣ ಹಚ್ಚಿದಳು. "ಹಾಡ್ರಿ, ಯಾಕ ನಿಂತ್ರಿ?" ಅಂದಳು ರೇಣು. ಹಾಡು ಮತ್ತೆ ಶುರುವಾಯಿತು.

ಅದರಿಂದ ಅನ್ನಪೂರ್ಣಾಳ ಸಿಟ್ಟೇನೂ ಇಳಿಯಲಿಲ್ಲ. ಒಂದು ಬಟ್ಟಲು ಅರಿಷಿಣ ಮುಂದೆ ಹಿಡಿದರೆ ಆಯುಷ್ಯದ ಲೆಕ್ಕ ಮುಗಿಯುತ್ತದೆಯೇ ಅಂತ ಅವಳು ಮಂಜುಳಾಳನ್ನು ಕೇಳಿದಳು. ಬೇಸಿಗೆ ರಜೆಗೆ ಅನ್ನಪೂರ್ಣಾ ತಂಗಿಯ ಊರು ಚಚಡಿಗೆ ಹೋಗಿ ಇದ್ದು ಬಂದಳು. ಅವಳು ಎತ್ತಿಕೊಳ್ಳದೆ ಬಿಟ್ಟ ಕೂಸು ಈಗ ಕಾಲೇಜಿಗೆ ಹೋಗುವ ಹುಡುಗನಾಗಿದ್ದ.

ನಿಜಗುಣಪ್ಪ ಬಹಳ ದಿನ ಮಾತು ಬಿಟ್ಟಿದ್ದ. ಮಳೆಗಾಲದಲ್ಲಿ ಒಂದು ದಿನ ಅಂಗನವಾಡಿಯ ಬಾಗಿಲಿಗೆ ಬಂದು, ಚಪ್ಪಲಿ ಬಿಡದೆ ಹೊರಗೇ ನಿಂತ. ಮಕ್ಕಳಿಗೆ ಅನ್ನ ಕಲಸುತ್ತಿದ್ದ ಅನ್ನಪೂರ್ಣಾ ತಲೆ ಎತ್ತಿದಳು.

"ಆ ಬ್ರೇಕಿನ ಮಾತು," ಅಂದ ಅವನು. "ಮಂದ್ಯಾಗ ಆಡಬಾರದಿತ್ತು ನೀ."

"ಮನಿಯಾಗ ಆಡಾಕ ನನಗ ಜಾಗಾ ಎಲ್ಲಿ ಇಟ್ಟಿದ್ರಿ?"

ಅವನು ಬ್ರೇಕಿನ ಮಾತು ಸುಳ್ಳು ಅನ್ನಲಿಲ್ಲ. ಹೌದು ಅಂತಲೂ ಅನ್ನಲಿಲ್ಲ. ಕೊಡೆ ಬಿಚ್ಚಿಕೊಂಡು ನಡೆದ. ಅನ್ನಪೂರ್ಣಾ ಅವನ ಬೆನ್ನು ನೋಡಲಿಲ್ಲ. ಹಸಿದ ಮಕ್ಕಳು ತಾಟು ಬಡಿಯುತ್ತಿದ್ದವು. ಅವಳು ಬಡಿಸತೊಡಗಿದಳು.