ಅಮ್ಮನ ಕಂಬಳಿ, ಅಣ್ಣನ ಬೇಸೋಫಿಲ್

ಎಪ್ಪತ್ತರ ದಶಕದಲ್ಲಿ ನಾನು ಮುಂಬಯಿಯ ಚೆಂಬೂರು ಸ್ಟೇಶನ್ ಹತ್ತಿರದ ರಕ್ತಪರೀಕ್ಷೆಯ ಲ್ಯಾಬಿನಲ್ಲಿ ಕೆಲಸಕ್ಕಿದ್ದೆ. ಅಣ್ಣ ಅಲ್ಲೇ ಒಂದು ಉಡುಪಿ ಹೋಟೆಲಿನಲ್ಲಿ ದೋಸೆ ಹೊಯ್ಯುತ್ತಿದ್ದ. ಒಂದು ಚಳಿಗಾಲ ಅಮ್ಮ ಊರಿನಿಂದ ಬಂದು ನಮ್ಮೊಡನೆ ಉಳಿದಳು. ಬಂದ ವಾರದಲ್ಲೇ ಅಣ್ಣನ ಮೈತುಂಬ ತುರಿಸುವ ಗಂಧೆಗಳೆದ್ದವು.

ಪಿತ್ತದ ಗಂಧೆ ಎಂದು ಅಮ್ಮ ತೀರ್ಮಾನಿಸಿದಳು. ನಮ್ಮ ಕಡೆ ಅದಕ್ಕೆ ಮದ್ದು ಕಂಬಳಿ. ಅವನಿಗೆ ಹೊದೆಯಲೆಂದು ತಾನೇ ತಂದಿದ್ದ ಕರಿಕಂಬಳಿಯಿಂದ ದಿನವೂ ಬೆನ್ನು ತಿಕ್ಕಿ, ಅದರಲ್ಲೇ ಸುತ್ತಿ ಮಲಗಿಸುತ್ತಿದ್ದಳು. ಗಂಧೆ ಹೆಚ್ಚಿತು. ಅಮ್ಮ ಇನ್ನೂ ಗಟ್ಟಿಯಾಗಿ ತಿಕ್ಕಿದಳು.

ದೋಸೆಕಲ್ಲಿನ ಮುಂದೆ ಮೈ ಕೆರೆದುಕೊಳ್ಳುವವನನ್ನು ಕಂಡು ಗಿರಾಕಿಗಳು ಮುಖ ಸಿಂಡರಿಸಿದರು. "ಗುಣ ಆಗದಿದ್ರೆ ಬೇರೆ ಜನ ನೋಡ್ತೇನೆ ಮಾರಾಯ," ಎಂದರು ಹೋಟೆಲಿನ ಧಣಿ. ಅಣ್ಣನಿಗೆ ಬೇರೆ ಕಸುಬು ಗೊತ್ತಿರಲಿಲ್ಲ. ನನಗೆ ಹೆದರಿಕೆಯಾಯಿತು.

ಅವನ ರಕ್ತವನ್ನು ನಾನೇ ಗಾಜಿನ ಮೇಲೆ ಬಳಿದು ಬಣ್ಣ ಹಾಕಿದೆ. ಲ್ಯಾಬಿನ ಡಾಕ್ಟರು ಮೈಕ್ರೋಸ್ಕೋಪಿನಲ್ಲಿ ಹುಡುಕಿ ಹುಡುಕಿ ಒಂದು ಬೇಸೋಫಿಲ್ ನಮ್ಮಿಬ್ಬರಿಗೂ ತೋರಿಸಿದರು. ಬಿಳಿ ರಕ್ತಕಣಗಳಲ್ಲಿ ತೀರಾ ಅಪರೂಪದ್ದು, ಒಳಗೆಲ್ಲ ಕಡುನೀಲಿ ಕಾಳುಗಳು. ಮೈಗೆ ಆಗದ ವಸ್ತು ತಾಗಿದರೆ ಇದೂ, ಚರ್ಮದಲ್ಲಿರುವ ಇದರಂಥ ಇನ್ನೊಂದು ಕಣವೂ ಕಾಳುಗಳೊಳಗಿನ ಹಿಸ್ಟಮಿನ್ ಎಂಬ ರಾಸಾಯನಿಕ ಚೆಲ್ಲುತ್ತವೆ, ಚರ್ಮ ಊದಿ ತುರಿಸುತ್ತದೆ ಎಂದರು. ಕಾವಲಿನ ಕೆಲಸವೇ ಅದು. ಆದರೆ ಕೆಲವೊಮ್ಮೆ ನಮ್ಮ ಬಿಲ್ಡಿಂಗಿನ ಗೂರ್ಖನ ಹಾಗೆ, ಕಳ್ಳನಿಗೂ ನೆಂಟನಿಗೂ ಒಂದೇ ಸೀಟಿ. ಮನೆಗೆ ಹೊಸದಾಗಿ ಏನು ಬಂದಿದೆ ಎಂದು ಡಾಕ್ಟರು ಕೇಳಿದರು.

ಅಣ್ಣ ಸ್ವಲ್ಪ ಯೋಚಿಸಿ, "ಅಮ್ಮ. ಮತ್ತೆ ಅಮ್ಮನ ಕಂಬಳಿ," ಎಂದ.

ಮನೆಗೆ ಬಂದಾಗ ಅಮ್ಮ ಬಾಗಿಲಲ್ಲೇ ನಿಂತಿದ್ದಳು. "ಡಾಕ್ಟ್ರು ಎಂತ ಹೇಳಿದ್ರು?"

"ಬದನೆಕಾಯಿ ಆಗುದಿಲ್ಲಂತೆ," ಎಂದ ಅಣ್ಣ. "ಮೈ ತಿಕ್ಕುದೂ ಬೇಡಂತೆ."

ನನಗೆ ಚಳಿಯಾಗುತ್ತದೆ ಎಂದು ಹೇಳಿ ಕಂಬಳಿಯನ್ನು ನಾನು ತೆಗೆದುಕೊಂಡೆ. ಒಂದೇ ತಾಯಿಯ ಮಕ್ಕಳಾದರೂ ನನಗೇನೂ ಆಗಲಿಲ್ಲ. ಅವನ ಗಂಧೆ ಕೆಲವೇ ದಿನಗಳಲ್ಲಿ ಇಳಿಯಿತು, ಕೆಲಸವೂ ಉಳಿಯಿತು.

ಅಮ್ಮ ಮಾತ್ರ ಬದನೆಯನ್ನು ಮನೆಯೊಳಗೆ ಬಿಡಲಿಲ್ಲ. ಬದನೆಯೆಂದರೆ ಅವಳಿಗೆ ಪ್ರಾಣ. ಊರಿನಿಂದ ಯಾರೇ ಬಂದರೂ ನಮ್ಮ ಕಡೆಯ ಮಟ್ಟುಗುಳ್ಳ ಬದನೆ ತರಿಸುತ್ತಿದ್ದವಳು ಅದನ್ನೂ ನಿಲ್ಲಿಸಿದಳು. "ಅವನಿಗೆ ಆಗದ್ದು ನನಗೆ ಯಾಕೆ?" ಎನ್ನುತ್ತಿದ್ದಳು. ಕಂಬಳಿಯ ನಿಜ ಹೇಳೋಣವೆಂದು ನಾನು ಎರಡು ಸಲ ಬಾಯಿ ತೆರೆದೆ, ಅಣ್ಣ ಕಣ್ಣಲ್ಲೇ ತಡೆದ.

ಅಮ್ಮ ತೀರಿಕೊಂಡ ಮೇಲೆ ಅವಳ ಎಡೆಗೆ ಗುಳ್ಳದ ಹುಳಿ ಮಾಡಿದವನು ಅಣ್ಣನೇ. ಯಾರ ಕೈಗೂ ಸೌಟು ಕೊಡದೆ ತಾನೇ ಬಡಿಸಿದ.