ಪೈಪಿನ ಗುಂಡಿಯಲ್ಲಿ ಸಿಕ್ಕ ಮೂಳೆ

ಅಮೆರಿಕದ ಓಕ್ಲ್ಯಾಂಡಿಗೆ ಹತ್ತಿರದ ಒಂದು ವಿಶ್ವವಿದ್ಯಾಲಯದಲ್ಲಿ ನಾನು ಸೈಟ್ ಎಂಜಿನಿಯರ್. ಅಲ್ಲಿ ಪ್ರತಿ ಮೀಟಿಂಗಿನ ಮೊದಲು ‘ಈ ನೆಲ ಮೂಲನಿವಾಸಿಗಳದ್ದು’ ಎಂದು ನಾಲ್ಕು ಸಾಲು ಓದುತ್ತೇವೆ. ಪುರಾಣ ಹೇಳೋಕೆ, ಬದನೆಕಾಯಿ ತಿನ್ನೋಕೆ ಎನ್ನುತ್ತಾರಲ್ಲ, ಹಾಗೆ. ಓದಿ, ಕಾಫಿ ಕುಡಿದು, ಅದೇ ನೆಲ ಅಗೆಯಲು ಹೋಗುತ್ತೇವೆ.

ಒಮ್ಮೆ ಹಾಸ್ಟೆಲಿನ ನೀರಿನ ಪೈಪಿಗೆ ಗುಂಡಿ ತೋಡಿಸುತ್ತಿದ್ದೆವು. ಆ ಮೂಲನಿವಾಸಿಗಳ ಪೈಕಿ ಅಜ್ಜಿಯೊಬ್ಬರು ದಿನವೂ ಪಕ್ಕದಲ್ಲಿ ಮಡಚುವ ಕುರ್ಚಿ ಹಾಕಿಕೊಂಡು ಕೂರುತ್ತಿದ್ದರು. ಅವರ ಹಿರಿಯರ ಮೂಳೆ ಸಿಕ್ಕರೆ ಕೆಲಸ ನಿಲ್ಲಿಸುವ ಅಧಿಕಾರ ಅವರದು. ಅವರಿಲ್ಲದಾಗ ಅಗೆಯುವಂತಿರಲಿಲ್ಲ. ಅವರು ಊಟಕ್ಕೆ ಹೋದಾಗ ನಾವು ಅಗೆದೆವು. ಕಪ್ಪು ಮಣ್ಣಿನಲ್ಲಿ, ಕಪ್ಪೆಚಿಪ್ಪುಗಳ ನಡುವೆ, ತೊಡೆಯ ಮೂಳೆಯೊಂದು ಕಾಣಿಸಿತು.

ನಮ್ಮ ಮ್ಯಾನೇಜರು ಬೆಂಗಳೂರಿನವರು. ಬಗ್ಗಿ ನೋಡಿ ಪಿಸುಗುಟ್ಟಿದರು: “ಜಿಂಕೆದು ಕಣ್ರೀ. ಕೇಳಿದ್ರೆ ಹಂಗೇ ಹೇಳಿ, ಮುಚ್ಚಿಸ್ಬಿಡಿ. ಇಲ್ಲಾಂದ್ರೆ ಪ್ರಾಜೆಕ್ಟು ನಿಂತೋಗುತ್ತೆ, ನಿಮ್ ಗ್ರೀನ್ ಕಾರ್ಡೂ ಅಷ್ಟೇ.”

ನನಗೆ ಸಿಟ್ಟು ಬಂತು. ಅದಕ್ಕಿಂತ ಹೆಚ್ಚು ಹೆದರಿಕೆಯಾಯಿತು. ಅಷ್ಟರಲ್ಲಿ ಅಜ್ಜಿ ವಾಪಸು ಬಂದು ಏನದು ಎಂದು ಕೇಳಿದರು. ಜಿಂಕೆ ಮೂಳೆ ಎಂದೆ.

ಅವರು ಮೂಳೆ ನೋಡಲಿಲ್ಲ, ನನ್ನ ಕಾಲು ನೋಡಿದರು. ನಾನು ಬರೀ ಕಾಲುಚೀಲದಲ್ಲಿ ನಿಂತಿದ್ದೆ. ಸೇಫ್ಟಿ ಬೂಟು ಯಾವಾಗ ಬಿಚ್ಚಿದೆನೋ ನನಗೇ ತಿಳಿಯದು. ಹೆಣದ ಮುಂದೆ ಚಪ್ಪಲಿ ಬಿಡುವುದು ಚಿಕ್ಕಂದಿನಿಂದ ಬಂದ ಅಭ್ಯಾಸ.

“ನಿಮ್ಮ ಕಡೆ ಜಿಂಕೆಗೂ ಬೂಟು ಬಿಚ್ಚುತ್ತಾರಾ?” ಎಂದರು.

ಮ್ಯಾನೇಜರು ಕೆಕ್ಕರಿಸಿ ನೋಡಿದರು. “ಮನುಷ್ಯರದ್ದು. ಸುಳ್ಳು ಹೇಳಿದೆ” ಎಂದೆ.

ಕೆಲಸ ನಿಂತಿತು. ಪರೀಕ್ಷಿಸಿದವರು ಹೆಂಗಸಿನದು, ಬಹಳ ಹಳೆಯದು ಎಂದರು. ಅವಳು ಮಲಗಿದ್ದಲ್ಲೇ ಮತ್ತೆ ಮಣ್ಣು ಮಾಡಬೇಕು, ಪೈಪು ಬೇರೆ ಕಡೆಯಿಂದ ಹೋಗಲಿ ಎಂಬುದೊಂದೇ ಅಜ್ಜಿಯ ಕೋರಿಕೆ. ಅದಕ್ಕೆ ಜಮೀನಿನ ಮಾಲೀಕರ ಒಪ್ಪಿಗೆ ಬೇಕು. ಕಾಗದದ ಪ್ರಕಾರ ಮಾಲೀಕರು ವಿಶ್ವವಿದ್ಯಾಲಯ. ವಾರಗಟ್ಟಲೆ ಕಾಯಿಸಿ ಮೇಲಿನವರು ಹೂಂ ಎಂದರು, ಸೈಟಿನಲ್ಲಿರುವವರು ಸಹಿ ಹಾಕಲಿ ಎಂದರು. ಮ್ಯಾನೇಜರು ಒಪ್ಪಿಗೆಯ ಕಾಗದವನ್ನು ನನ್ನ ಮೇಜಿಗೆ ಎಸೆದರು. “ನೀವೇ ತಂದಿಟ್ಟಿದ್ದು, ನೀವೇ ಹಾಕಿ.”

ಗುಂಡಿಯ ಪಕ್ಕ ಅಜ್ಜಿ ಮೂಳೆಯಿದ್ದ ಬುಟ್ಟಿಯನ್ನು ಎದೆಗೊತ್ತಿಕೊಂಡು ಕಾಯುತ್ತಿದ್ದರು. ನಾನು ಈ ದೇಶಕ್ಕೆ ಬಂದು ಒಂಬತ್ತು ವರ್ಷ. ‘ಮಾಲೀಕರ ಪರವಾಗಿ’ ಎಂಬಲ್ಲಿ ಸಹಿ ಹಾಕಿದೆ.

“ಈಗ ಇವಳನ್ನು ಮಲಗಿಸಬಹುದಾ?” ಎಂದು ಅವರು ನನ್ನನ್ನು ಕೇಳಿದರು.