ದಾದಾಪೀರನ ಮೈಕ್ ಕೆಟ್ಟಿರಲಿಲ್ಲ

ಅವತ್ತು ಕಾಲೇಜಿನ ವಾರ್ಷಿಕೋತ್ಸವದ ಗ್ಯಾದರಿಂಗಿನಲ್ಲಿ ನಿನ್ನ ಮೈಕ್ ಕೆಟ್ಟಿರಲಿಲ್ಲ, ದಾದಾಪೀರ. ನೀನು ಹಾಡತೊಡಗಿದ ಕೂಡಲೇ ಅದರ ದನಿಯನ್ನು ಪೂರ್ತಿ ಇಳಿಸಿದವನು ನಾನು. ಇಷ್ಟು ವರ್ಷ ನೀನು ಮೊದಲು ಆ ಯಂತ್ರವನ್ನು ಬೈದೆ, ಆಮೇಲೆ ನಿನ್ನ ಗಂಟಲನ್ನೇ ಬೈದುಕೊಂಡೆ. ನನ್ನನ್ನು ಬೈಯಲಿಲ್ಲ. ಬೈಯಲು ನಿನಗೆ ಗೊತ್ತಾಗಬೇಕಿತ್ತಲ್ಲ — ಗೊತ್ತಾಗದಂತೆ ನಾನು ನೋಡಿಕೊಂಡೆ.

ನಮ್ಮ ದೋಸ್ತ ಸ್ಯಾಮ್ಯುಯೆಲ್‌ನ ಮಾವ ಗೋವಾದಿಂದ ತಂದ ಆ ಕ್ಯಾಸೆಟ್ ನಿನಗೆ ನೆನಪಿದೆಯೇ? ಅದಕ್ಕೆ ಕವರಿಲ್ಲ, ಹೆಸರಿಲ್ಲ. ಹಳೇ ಹುಬ್ಬಳ್ಳಿಯ ನಿಮ್ಮ ಗ್ಯಾರೇಜಿಗೆ ಶುಕ್ರವಾರ ಮಧ್ಯಾಹ್ನ ರಜೆ. ಬಿಚ್ಚಿಟ್ಟ ಸ್ಕೂಟರುಗಳ ನಡುವೆ ನಾವು ಮೂವರು ಕುಳಿತು ಟೇಪ್‌ರೆಕಾರ್ಡರ್ ಹಚ್ಚಿದೆವು. ಧಡಧಡ ಗಿಟಾರು, ಮೂರೇ ಮೂರು ಸ್ವರಗುಚ್ಛ, ಮೇಲೊಬ್ಬ ಯಾರೋ ಜಗಳಕ್ಕೆ ಬಂದವನಂತೆ ಒದರುತ್ತಿದ್ದ. ನಾನು ಕಿವಿ ಮುಚ್ಚಿಕೊಂಡೆ. ನೀನು ಮಾತ್ರ ಸ್ಪ್ಯಾನರ್ ಕೆಳಗಿಟ್ಟು ಎದ್ದು ನಿಂತೆ.

"ಲೇ, ಇಂವಗೂ ನನ್ನಂಗ ಹಾಡಾಕ ಬರೂದಿಲ್ಲಲೇ! ಆದ್ರೂ ಹಾಡ್ಯಾನ ನೋಡು!"

ಇದಕ್ಕೆ ಪಂಕ್ ಅನ್ನುತ್ತಾರಂತೆ ಎಂದ ಸ್ಯಾಮ್ಯುಯೆಲ್. ಆಮೇಲೆ ನಾನು ಆ ಸಂಗೀತದ ಬಗ್ಗೆ ಎಷ್ಟೋ ಓದಿದೆ — ಅದರ ಸಿಟ್ಟು, ಹರಿದ ಅಂಗಿ, ಯಾರ ಅಪ್ಪಣೆಗೂ ಕಾಯದ ಗುಣ. ಆದರೆ ಗ್ರೀಸ್ ಹತ್ತಿದ ಕೈಯಲ್ಲಿ ನೀನು ಅವತ್ತು ಹೇಳಿದ್ದಕ್ಕಿಂತ ಸರಿಯಾಗಿ ಯಾರೂ ಹೇಳಿದ್ದನ್ನು ಕಾಣೆ. ಬರುವುದಿಲ್ಲ, ಆದರೂ ಹಾಡುತ್ತೇನೆ, ಯಾಕೆಂದರೆ ಹೇಳುವುದಿದೆ.

ನಿನಗೆ ಹೇಳುವುದಿತ್ತು. ವಾರಕ್ಕೊಮ್ಮೆ ನೀರು ಬರುವ ನಳದ ಮುಂದೆ ನಿಮ್ಮ ಅಮ್ಮ, ತಂಗಿ ಕೊಡಗಳ ಸಾಲಿನಲ್ಲಿ ನಿಲ್ಲುತ್ತಿದ್ದರು. ಅದನ್ನೇ ಹಾಡು ಮಾಡಿದೆ. "ಕೊಡಾ ಖಾಲಿ, ನಳಾ ಖಾಲಿ, ನಿಮ್ಮ ಮಾತಷ್ಟ ತುಂಬೇತ್ರಿ!" ಸ್ಯಾಮ್ಯುಯೆಲ್ ಡ್ರಮ್ಮಿನ ಬದಲು ನಿಮ್ಮ ಮನೆಯ ಕೊಡವನ್ನೇ ಬಡಿದ. ನಾನು ಅವನ ಚರ್ಚಿನ ಹಳೆಯ ಗಿಟಾರನ್ನು ಎರವಲು ತಂದೆ. ಆ ಶುಕ್ರವಾರಗಳಷ್ಟು ಸುಖವಾಗಿ ನಾನು ಆಮೇಲೆ ಎಂದೂ ಇರಲಿಲ್ಲ, ದೋಸ್ತ. ಬೀದಿಯವರು ಬೈದರೂ ನಗು, ತಂತಿ ಹರಿದರೂ ನಗು. ನಿಮ್ಮ ಅಮ್ಮ ಕೊಡ ನೆಗ್ಗಿತೆಂದು ಗದರಿಸುತ್ತಲೇ ಚುರಮರಿ ಕಲಸಿ ಕೊಡುತ್ತಿದ್ದರು.

ಆದರೆ ನಾನು ಧಾರವಾಡದವನು, ಅದೂ ಸಂಗೀತದ ಮೇಷ್ಟ್ರ ಮಗ. ನಮ್ಮ ಮನೆಯಲ್ಲಿ ತಂಬೂರಿಯ ಮುಂದೆ ಕೆಮ್ಮುವುದಕ್ಕೂ ಹೆದರಿಕೆ. ಗ್ಯಾರೇಜಿನಲ್ಲಿ ನಿನ್ನ ಬೇಸೂರು ನನಗೆ ಹುರುಪು ಕೊಡುತ್ತಿತ್ತು. ಗ್ಯಾದರಿಂಗಿನ ದಿನ ಮುಂದಿನ ಸಾಲಿನಲ್ಲಿ, ಅತಿಥಿಗಳ ನಡುವೆ, ನಮ್ಮ ಅಪ್ಪ ಕುಳಿತಿದ್ದನ್ನು ಕಂಡೆ — ಹುರುಪೆಲ್ಲ ಜರ್ರನೆ ಇಳಿಯಿತು.

ಸೌಂಡಿನ ಕಾಕಾ "ಒಂದೀಟು ಇಲ್ಲೇ ನೋಡ್ಕೊಂಡಿರಪಾ, ಚಾ ಕುಡದು ಬರ್ತೇನಿ" ಎಂದು ಆಂಪ್ಲಿಫೈಯರನ್ನು ನನ್ನ ಪಕ್ಕದಲ್ಲೇ ಬಿಟ್ಟು ಹೋದ. ನೀನು ಮೊದಲ ಸಾಲು ಎತ್ತಿಕೊಂಡೆ. ಸ್ವರ ಎಲ್ಲೋ, ನೀನು ಎಲ್ಲೋ. ಅಪ್ಪ ಕತ್ತು ಮುಂದೆ ಚಾಚಿದರು. ನನ್ನ ಕೈ ಗಿಟಾರು ಬಿಟ್ಟು ಗುಂಡಿಯ ಮೇಲೆ ಹೋಯಿತು. ಕೈ ತಾನಾಗಿ ಹೋಯಿತು ಎಂದು ಬರೆಯಲು ಹೊರಟಿದ್ದೆ. ಸುಳ್ಳು. ನಾನೇ ಒಯ್ದೆ. ಯಾವ ಗುಂಡಿ ನಿನ್ನದು ಎಂದು ಎಣಿಸಿ ನೋಡಿ, ತಿರುವಿದೆ.

ನಿನ್ನ ಕತ್ತಿನ ನರಗಳು ಉಬ್ಬಿದ್ದವು, ಬಾಯಿ ಆಡುತ್ತಿತ್ತು. ಕೊಡ ಕೇಳಿಸಿತು, ಗಿಟಾರು ಕೇಳಿಸಿತು, ನಿನ್ನ ದನಿ ಕೇಳಿಸಲಿಲ್ಲ. ಹಿಂದಿನಿಂದ ಯಾರೋ "ಏ, ಮೂಕಾಭಿನಯ ನಡದೈತಿ!" ಎಂದು ಕೂಗಿದರು, ಇಡೀ ಪೆಂಡಾಲು ನಕ್ಕಿತು. ನೀನು ಮೈಕ್ ತಟ್ಟಿ ನೋಡಿದೆ, ನನ್ನ ಕಡೆ ನೋಡಿದೆ, ನಾನು ಗಿಟಾರು ನೋಡಿದೆ. ಆದರೂ ನೀನು ನಿಲ್ಲಿಸಲಿಲ್ಲ. ಕೊನೆಯ ಸಾಲಿನವರೆಗೂ ಬರೀ ಗಂಟಲಿನಿಂದ ಹಾಡಿದೆ.

ಪಾಪ, ಬೈಗುಳ ತಿಂದವನು ಕಾಕಾ. ಅವನನ್ನು ಸಮಾಧಾನ ಮಾಡಿದವನೂ ನೀನೇ. "ಮಶೀನ್ ಐತ್ರಿ ಕಾಕಾ, ಕೆಡತೈತಿ, ಬಿಡ್ರಿ." ಗುಂಡಿಯನ್ನು ಆಗಲೇ ಮೊದಲಿನ ಜಾಗಕ್ಕೆ ತಿರುವಿಟ್ಟು, ಪಕ್ಕದಲ್ಲಿ ನಾನು ವೈರು ಸುತ್ತುತ್ತಾ ನಿಂತಿದ್ದೆ.

ಮನೆಗೆ ಹೋದ ಮೇಲೆ ಅಪ್ಪ ಹೇಳಿದ್ದನ್ನು ನಿನಗೆ ಎಂದೂ ತಿಳಿಸಲಿಲ್ಲ. "ಆ ಹುಡುಗ ಏನೋ ಖರೇ ಹೇಳಾಕತ್ತಿದ್ದನೋ. ಕೇಳಿಸಿದ್ರ ಛಲೋ ಇತ್ತು." ಯಾರಿಗಾಗಿ ನಿನ್ನ ಬಾಯಿ ಮುಚ್ಚಿಸಿದೆನೋ ಅವರಿಗೇ ನಿನ್ನನ್ನು ಕೇಳುವ ಆಸೆಯಿತ್ತು. ಮುಂದಿನ ಶುಕ್ರವಾರ ಬಂದಾಗ ಕೊಡ ಅಡುಗೆಮನೆಗೆ ಮರಳಿತ್ತು. "ನನ್ನ ದನಿ ಎರಡನೇ ಸಾಲಿಗೂ ಮುಟ್ಟಲಿಲ್ಲಲೇ, ಸಾಕ್ ಬಿಡು" ಎಂದೆ ನೀನು. ಆಗ ಒಂದೇ ಮಾತು ಸಾಕಿತ್ತು. ನನಗೆ — ಹೇಳಲು ನಾಚಿಕೆಯಾಗುತ್ತದೆ — ಹಗುರವೇ ಆಯಿತು.

ಹೋದ ತಿಂಗಳು ನಾನು ಸ್ಕೂಟರ್ ರಿಪೇರಿಗೆ ಬಂದಾಗ ನಿನ್ನ ಮಗಳು ನಾಜಿಯಾ ಗೆಳತಿಯರ ಜೊತೆ ಬ್ಯಾಂಡ್ ಕಟ್ಟಿದ ಸುದ್ದಿ ಹೇಳಿದಳು. ನೀನೂ ಹಾಡುತ್ತೀಯೇನವಾ ಎಂದು ಅವಳನ್ನು ಕೇಳಿದೆ.

"ಇಲ್ರಿ ಕಾಕಾ, ಗಿಟಾರ್ ಅಷ್ಟ. ನಂದು ಅಬ್ಬಾನ ಗಂಟಲಾ. ಯಾರಿಗೂ ಕೇಳಸೂದಿಲ್ಲಂತ."

ನೀನು ಕೈ ಒರೆಸಿಕೊಳ್ಳುತ್ತಾ ನಕ್ಕೆ. "ಹೌದವಾ, ನಾ ಬರೇ ತುಟಿ ಅಳ್ಳಾಡಿಸಿದ್ದೆ." ನಾನೂ ನಕ್ಕೆ, ದಾದಾಪೀರ. ಇಷ್ಟು ವಯಸ್ಸಾದ ಮೇಲೂ ನಕ್ಕೆ. ನಾನು ತಿರುವಿದ ಗುಂಡಿ ನಿನ್ನ ಮಗಳ ಗಂಟಲನ್ನೂ ಮುಚ್ಚಿದೆ ಎಂದು ತಿಳಿದದ್ದು ಮನೆ ಮುಟ್ಟಿದ ಮೇಲೆ.

ಈಗ ನಾನು ಮಕ್ಕಳಿಗೆ ಹಾಡು ಕಲಿಸುತ್ತೇನೆ. ದಿನವೂ ಯಾರದೋ ಸ್ವರ ತಿದ್ದುತ್ತೇನೆ. ಯಾವ ಮುಖದಿಂದಲೋ...

ಬರುವ ಶುಕ್ರವಾರ ಮಧ್ಯಾಹ್ನ ಗ್ಯಾರೇಜಿಗೆ ಬರುತ್ತೇನೆ. ಈ ಪತ್ರವನ್ನು ನಿನ್ನ ಕೈಗೆ ಕೊಟ್ಟು ಹೋಗುವುದಿಲ್ಲ. ನಾಜಿಯಾಳನ್ನೂ ಕೂರಿಸಿಕೊಂಡು ನಾನೇ ಗಟ್ಟಿಯಾಗಿ ಓದುತ್ತೇನೆ. ಕ್ಷಮಿಸು ಎಂದು ಕೇಳುವುದಿಲ್ಲ, ಮತ್ತೆ ಹಾಡು ಎಂದೂ ಪೀಡಿಸುವುದಿಲ್ಲ. ಅವಳಿಗೆ ಒಂದು ಮಾತು ತಿಳಿದರೆ ಸಾಕು: ನಿಮ್ಮ ಅಬ್ಬಾ ಹಾಡಿದ್ದ, ಕೊನೆಯವರೆಗೂ ಹಾಡಿದ್ದ, ನಾನು ಹತ್ತಿರ ನಿಂತಿದ್ದೆ, ನನಗೆ ಪ್ರತಿ ಶಬ್ದವೂ ಕೇಳಿಸಿತ್ತು.